ಹರಿದುಹೋದ ಹೊದಿಕೆಗಳನ್ನು ಹುಡುಕಿಕೊಟ್ಟ ನಿಧಿ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮಾನವಿಕ ವಿಭಾಗಗಳ ಕಿರಿಯ ಅಧ್ಯಾಪಕರಿಗೆಂದೇ ಮೀಸಲಾದ ಒಂದು ಸಣ್ಣ ನಿಧಿ ಇದೆ. ಕೆಲಸಕ್ಕೆ ಸೇರಿ ಆರು ವರ್ಷ ತುಂಬದವರು ತಮ್ಮ ಸಂಶೋಧನೆಗೆ ಬೇಕಾದ, ಆದರೆ ಗ್ರಂಥಾಲಯದಲ್ಲಿ ಇಲ್ಲದ ಸಾಮಗ್ರಿಯನ್ನು ಇದರಿಂದ ತರಿಸಿಕೊಳ್ಳಬಹುದು. ನಾನು ಎರಡು ಸಲ ಅರ್ಜಿ ಹಾಕಿದ್ದೇನೆ. ಮೊದಲನೆಯದು ತಿರಸ್ಕೃತವಾಯಿತು. ಎರಡನೆಯದರಲ್ಲಿ ಮೊದಲು ಕೇಳಿದ್ದಕ್ಕಿಂತ ಒಳ್ಳೆಯದೇ ಸಿಕ್ಕಿತು. ಈ ನಿಧಿಯ ಗುಣವೂ ದೋಷವೂ ಆ ಎರಡರ ನಡುವೆ ನನಗೆ ಹತ್ತಿರದಿಂದ ಕಂಡಿವೆ. ಇಂಥ ನಿಧಿ ಇರುವ ಬೇರೆ ಗ್ರಂಥಾಲಯಗಳಲ್ಲಿ ಹೊಸದಾಗಿ ಸೇರಿದವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಇಂಥದ್ದೊಂದು ನಿಧಿ ಏಕೆ ಬೇಕು ಎಂದು ಕೇಳುವವರು ವಿಶ್ವವಿದ್ಯಾಲಯದ ಒಳಗೇ ಇದ್ದಾರೆ. ರಸಾಯನಶಾಸ್ತ್ರಕ್ಕೋ ಜೀವಶಾಸ್ತ್ರಕ್ಕೋ ಹೊಸದಾಗಿ ಸೇರಿದವರಿಗೆ ಪ್ರಯೋಗಾಲಯ ಹೂಡಲು ಹಣ ಬೇಕೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರದವರಿಗೆ ಒಂದು ಮೇಜು, ಒಂದು ಕಂಪ್ಯೂಟರ್ ಕೊಟ್ಟರೆ ಸಾಕೆಂಬ ಭಾವನೆ ಇನ್ನೂ ಹೋಗಿಲ್ಲ. ನಮ್ಮ ಪ್ರಯೋಗಾಲಯ ಗ್ರಂಥಾಲಯವೇ. ಹಿಂದಿನವರು ತಮ್ಮ ತಮ್ಮ ವಿಷಯಕ್ಕೆ ತಕ್ಕಂತೆ ಅದನ್ನು ಕಟ್ಟಿ ಹೋಗಿರುತ್ತಾರೆ. ಹೊಸಬರು ಹೊಸ ಪ್ರಶ್ನೆ ಹೊತ್ತು ಬಂದಾಗ ಅವರಿಗೆ ಬೇಕಾದದ್ದು ಕಪಾಟಿನಲ್ಲಿ ಇರುವುದಿಲ್ಲ. ಇನ್ನೊಂದು ಕಡೆ, 1980ರ ದಶಕದಿಂದೀಚೆಗೆ ಜರ್ನಲ್‌ಗಳ ಚಂದಾ ಸಾಮಾನ್ಯ ಬೆಲೆ ಏರಿಕೆಯನ್ನು ಮೀರಿ ಹೆಚ್ಚುತ್ತಾ ಬಂದು ಗ್ರಂಥಾಲಯಗಳ ಬಜೆಟ್ಟನ್ನು ನುಂಗಿದೆ. ಚಂದಾ ನಿಲ್ಲಿಸಿದರೆ ಮರುದಿನವೇ ದೂರು ಬರುತ್ತದೆ, ಪುಸ್ತಕ ಕೊಳ್ಳುವುದನ್ನು ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಕತ್ತರಿ ಬೀಳುವುದು ಪುಸ್ತಕಗಳ ಮೇಲೆ, ಅಂದರೆ ನಮ್ಮ ಮೇಲೆ.

ನನ್ನ ಕೆಲಸ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಮಾಸಪತ್ರಿಕೆಗಳ ಕುರಿತದ್ದು, ಅದರಲ್ಲೂ ಅವುಗಳ ಜಾಹೀರಾತುಗಳ ಕುರಿತದ್ದು. ಒಂದು ಪತ್ರಿಕೆ ತನ್ನ ಓದುಗರನ್ನು ಯಾರೆಂದು ಭಾವಿಸಿತ್ತು ಎಂಬುದು ಸಂಪಾದಕೀಯದಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಜಾಹೀರಾತಿನಲ್ಲಿ ಕಾಣುತ್ತದೆ. ಹೊಲಿಗೆ ಯಂತ್ರ, ಕೂದಲೆಣ್ಣೆ, ಪಿಯಾನೊ ಪಾಠ, ಮಕ್ಕಳ ಔಷಧಿ, ಮನೆಗೆಲಸಕ್ಕೆ ಜನ ಬೇಕು ಎಂಬ ನಾಲ್ಕು ಸಾಲು, ಇವೆಲ್ಲ ಸೇರಿ ಒಂದು ಮನೆಯ ಚಿತ್ರ ಕೊಡುತ್ತವೆ. ಆದರೆ ಇವುಗಳಲ್ಲಿ ಬಹುಪಾಲು ಅಚ್ಚಾಗುತ್ತಿದ್ದದ್ದು ಪತ್ರಿಕೆಯ ಬಣ್ಣದ ಕಾಗದದ ಹೊದಿಕೆಯ ಮೇಲೆ ಮತ್ತು ಹಿಂದೆ ಮುಂದೆ ಸೇರಿಸುತ್ತಿದ್ದ ಬಿಡಿ ಪುಟಗಳಲ್ಲಿ. ವರ್ಷ ಮುಗಿದ ಮೇಲೆ ಹನ್ನೆರಡು ಸಂಚಿಕೆಗಳನ್ನು ಒಟ್ಟು ಮಾಡಿ ಬೈಂಡಿಂಗ್ ಹಾಕಿಸುವಾಗ ಆ ಹೊದಿಕೆಗಳನ್ನೂ ಜಾಹೀರಾತು ಪುಟಗಳನ್ನೂ ಕಿತ್ತು ಎಸೆಯುವುದು ರೂಢಿಯಾಗಿತ್ತು. ಗ್ರಂಥಾಲಯಗಳೂ ಹಾಗೆಯೇ ಮಾಡಿದವು. ಉಳಿದು ಬಂದ ಸಂಪುಟಗಳಲ್ಲಿ ಹೆಚ್ಚಿನವು ರಟ್ಟು ಗಟ್ಟಿಯಾಗಿದ್ದು ಮೈ ಬೋಳಾದಂಥವು.

ಇದು ನನಗೆ ತತ್ತ್ವದಲ್ಲಿ ಗೊತ್ತಿತ್ತು. ನನ್ನದೇ ಅರ್ಜಿಗೆ ಅನ್ವಯಿಸಿ ನೋಡಿರಲಿಲ್ಲ.

ಮೊದಲ ವರ್ಷ ನಾನು ಕೇಳಿದ್ದು ಹಳೆಯ ನಿಯತಕಾಲಿಕೆಗಳ ಒಂದು ದೊಡ್ಡ ಡೇಟಾಬೇಸಿಗೆ ಚಂದಾ. ನನಗೆ ಬೇಕಾದ ಪತ್ರಿಕೆಯ ಇಪ್ಪತ್ತು ವರ್ಷಗಳ ಸಂಚಿಕೆಗಳು ಅದರಲ್ಲಿವೆ ಎಂದು ಪಟ್ಟಿ ಹೇಳುತ್ತಿತ್ತು. ಅರ್ಜಿ ಎರಡೇ ಪುಟ. ಸಂಶೋಧನೆಯ ಸಾರಾಂಶ, ಬೇಕಾದ ಸಾಮಗ್ರಿ, ಅಂದಾಜು ವೆಚ್ಚ, ಕೊನೆಯಲ್ಲಿ ಒಂದು ಪ್ರಶ್ನೆ: ಇದು ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಉಪಯೋಗವಾಗುತ್ತದೆ? ಆ ಪ್ರಶ್ನೆ ನೋಡಿ ನನಗೆ ಸ್ವಲ್ಪ ಸಿಟ್ಟೇ ಬಂತು. ಸಂಶೋಧನೆಗೆಂದು ಕೊಡುವ ಹಣಕ್ಕೆ ಊರವರ ಸಮ್ಮತಿ ಏಕೆ ಎಂದುಕೊಂಡು ಒಂದು ಸಾಲು ಗೀಚಿ ಕಳಿಸಿದೆ. ಮೂರು ವಾರದಲ್ಲಿ ಉತ್ತರ ಬಂತು. ನಿಧಿಯಿಂದ ವರ್ಷ ವರ್ಷ ಕಟ್ಟಬೇಕಾದ ಚಂದಾ ಕೊಡಲಾಗದು, ಒಂದೇ ಸಲ ಕೊಂಡು ಗ್ರಂಥಾಲಯದಲ್ಲಿ ಉಳಿಸಿಕೊಳ್ಳಬಹುದಾದದ್ದಕ್ಕೆ ಮಾತ್ರ ಅವಕಾಶ, ನಿಮ್ಮ ವಿಷಯವನ್ನು ನೋಡಿಕೊಳ್ಳುವ ಗ್ರಂಥಪಾಲಕರನ್ನು ಕಂಡು ಮಾತನಾಡಿ ಎಂದಿತ್ತು. ಕೊನೆಯ ವಾಕ್ಯ ಸೌಜನ್ಯಕ್ಕೆ ಬರೆದದ್ದೆಂದು ತಿಳಿದು ನಾನು ಹೋಗಲಿಲ್ಲ. ಒಂದು ವರ್ಷ ಹಾಳಾಯಿತು. ಕಾಯಂ ಆಗುವ ಮೊದಲಿನ ವರ್ಷಗಳನ್ನು ಬೆರಳಲ್ಲಿ ಎಣಿಸುವವರಿಗೆ ಒಂದು ವರ್ಷವೆಂದರೆ ಏನೆಂದು ಗೊತ್ತಿರುತ್ತದೆ.

ಎರಡನೆಯ ವರ್ಷ ಹೋದೆ. ಗ್ರಂಥಪಾಲಕಿಯ ಕೋಣೆಯಲ್ಲಿ ಒಂದೂವರೆ ಗಂಟೆ ಕುಳಿತೆ. ಈ ವಿಮರ್ಶೆಯಲ್ಲಿ ನಾನು ಹೊಗಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಆ ಒಂದೂವರೆ ಗಂಟೆಗೇ ಸಲ್ಲಬೇಕು.

ಅವರು ಮೊದಲು ಕೇಳಿದ್ದು ಯಾವ ಡೇಟಾಬೇಸ್ ಬೇಕು ಎಂದಲ್ಲ. "ನೀವು ಯಾವ ಪುಟ ನೋಡಬೇಕು?" ಎಂದು ಕೇಳಿದರು. ನಾನು ಹೊದಿಕೆ, ಜಾಹೀರಾತು ಎಂದೆ. ಅವರು ಡೇಟಾಬೇಸಿನ ಮಾದರಿ ಪುಟಗಳನ್ನು ತೆರೆದು ನನ್ನ ಕಡೆಗೆ ಪರದೆ ತಿರುಗಿಸಿದರು. ಪ್ರತಿ ಸಂಚಿಕೆಯೂ ಮೊದಲ ಲೇಖನದಿಂದಲೇ ಶುರುವಾಗುತ್ತಿತ್ತು. ಒಂದು ಸಂಚಿಕೆ 48ನೆಯ ಪುಟಕ್ಕೆ ಮುಗಿದರೆ ಮುಂದಿನದು 49ಕ್ಕೆ ಆರಂಭ. ನಡುವೆ ಏನೂ ಇಲ್ಲ. "ಇದನ್ನು ಬೈಂಡ್ ಆದ ಸಂಪುಟದಿಂದ ತೆಗೆದಿದ್ದಾರೆ. ಅದೂ ಮೂಲದಿಂದಲ್ಲ, ಯಾವಾಗಲೋ ತೆಗೆದ ಮೈಕ್ರೋಫಿಲ್ಮಿನಿಂದ" ಎಂದು ಪುಟದ ಅಂಚಿನಲ್ಲಿದ್ದ ಗೀರುಗಳನ್ನು ತೋರಿಸಿದರು. ಮೈಕ್ರೋಫಿಲ್ಮೆಂದರೆ ಪುಟಗಳನ್ನು ತೀರಾ ಚಿಕ್ಕದಾಗಿ ಇಳಿಸಿಕೊಂಡ ಫಿಲ್ಮಿನ ಸುರುಳಿ. ಅದು ಯಂತ್ರದಲ್ಲಿ ಓಡುವಾಗ ಬೀಳುವ ಉದ್ದುದ್ದ ಗೀರುಗಳು, ಪುಟದಿಂದ ಪುಟಕ್ಕೆ ಒಂದೇ ಜಾಗದಲ್ಲಿ. ನನ್ನ ಕಣ್ಣಿಗೆ ಅವು ಕಾಗದದ ಮಡಿಕೆಗಳಂತೆ ಕಂಡಿದ್ದವು. ನಾನು ಹಿಂದಿನ ವರ್ಷ ಕೇಳಿದ್ದು ಸಿಕ್ಕಿದ್ದರೆ, ನನಗೆ ಬೇಕಾದದ್ದನ್ನೆಲ್ಲ ಬಿಟ್ಟು ಉಳಿದದ್ದಕ್ಕೆ ದೊಡ್ಡ ಮೊತ್ತ ಖರ್ಚಾಗುತ್ತಿತ್ತು.

ಆಮೇಲೆ ಅವರು ಹುಡುಕುತ್ತಾ ಹೋದರು, ನಾನು ನೋಡುತ್ತಾ ಕುಳಿತೆ. ಗ್ರಂಥಾಲಯಗಳು ಕೂಡಿ 2008ರಲ್ಲಿ ಆರಂಭಿಸಿದ ಹಾತಿಟ್ರಸ್ಟ್ ಎಂಬ ಡಿಜಿಟಲ್ ಭಂಡಾರದಲ್ಲಿ ಹದಿಮೂರು ಸಂಪುಟಗಳು ಉಚಿತವಾಗಿಯೇ ಇದ್ದವು, ಅವೂ ಬೋಳು ಸಂಪುಟಗಳೇ. ಅಂಥದ್ದೇ ಉಚಿತ ಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಇನ್ನೆರಡು. ಲೇಖನಗಳ ಮಟ್ಟಿಗೆ ಇಷ್ಟೇ ಸಾಕು, ಇದಕ್ಕೆ ಒಂದು ಕಾಸೂ ಬೇಡ ಎಂದು ಗುರುತು ಹಾಕಿಕೊಂಡರು. ನಂತರ ಬೇರೆ ಬೇರೆ ಗ್ರಂಥಾಲಯಗಳ ಕ್ಯಾಟಲಾಗ್ ದಾಖಲೆಗಳನ್ನು ಒಂದೊಂದಾಗಿ ತೆರೆದು, ಕೊನೆಯ ಟಿಪ್ಪಣಿಯ ಸಾಲುಗಳನ್ನು ಓದತೊಡಗಿದರು. ನಾನು ಆ ಸಾಲುಗಳನ್ನು ಎಂದೂ ಓದಿದವಳಲ್ಲ. ಸುಮಾರು ಇಪ್ಪತ್ತನೆಯ ದಾಖಲೆಯಲ್ಲಿ ಅದು ಸಿಕ್ಕಿತು: ಬಿಡಿ ಸಂಚಿಕೆಗಳು, ಮೂಲ ಹೊದಿಕೆಗಳ ಸಹಿತ, ಬೈಂಡ್ ಆಗಿಲ್ಲ. ದೂರದ ಇನ್ನೊಂದು ಗ್ರಂಥಾಲಯಕ್ಕೆ ಯಾರೋ ಮನೆಯಲ್ಲಿ ಕಟ್ಟಿಟ್ಟಿದ್ದ ಹಾಗೆಯೇ ದಾನ ಕೊಟ್ಟ ಪೆಟ್ಟಿಗೆಗಳು. ನನ್ನ ಮೈ ಜುಮ್ಮೆಂದಿತು. ಅವರು ಮುಗುಳ್ನಕ್ಕು ಪೆನ್ಸಿಲಿನಲ್ಲಿ ಅದರ ಕ್ರಮಸಂಖ್ಯೆ ಬರೆದು ಚೀಟಿಯನ್ನು ನನ್ನ ಕೈಗಿತ್ತರು. ಆ ಚೀಟಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಅರ್ಜಿಯನ್ನು ಹೊಸದಾಗಿ ಬರೆದೆ. ಈ ಸಲ ಕೇಳಿದ್ದು ಮೂರು ವಸ್ತು. ಆ ಪತ್ರಿಕೆಯೊಂದಿಗೆ ಪೈಪೋಟಿಯಲ್ಲಿದ್ದ ಇನ್ನೊಂದು ಪತ್ರಿಕೆಯ ಮೈಕ್ರೋಫಿಲ್ಮ್, 36 ರೀಲು. ಬಿಡಿ ಸಂಚಿಕೆಗಳ 214 ಹೊದಿಕೆಗಳಿಗೆ ಬಣ್ಣದಲ್ಲಿ ಹೊಸದಾಗಿ ಛಾಯಾಚಿತ್ರ ತೆಗೆಸುವ ವೆಚ್ಚ. ಮತ್ತು ಅಚ್ಚಿನಲ್ಲಿ ಇಲ್ಲದ, ಎರಡು ಸಂಪುಟಗಳ ಒಂದು ಸೂಚಿ. ಕೊನೆಯ ಪ್ರಶ್ನೆಗೆ ಈ ಸಲ ಮುಕ್ಕಾಲು ಪುಟ ಬರೆದೆ. ಔಷಧಿಗಳ ಇತಿಹಾಸ ಓದುವವರು, ವಿನ್ಯಾಸ ಕಲಿಯುವವರು, ಅಚ್ಚುಮೊಳೆಗಳ ಬಗ್ಗೆ ಆಸಕ್ತಿ ಇರುವವರು, ಮನೆಗೆಲಸದ ಕೂಲಿಯ ಬಗ್ಗೆ ಕೆಲಸ ಮಾಡುತ್ತಿರುವ ಅರ್ಥಶಾಸ್ತ್ರ ವಿಭಾಗದ ಒಬ್ಬರು, ಇವರನ್ನೆಲ್ಲ ನಾನೇ ಹೋಗಿ ಕಂಡು ಮಾತನಾಡಿ ಬರೆದೆ. ಮಂಜೂರಾಯಿತು.

ನಿಯಮದ ಬಗ್ಗೆ ಎರಡು ಮಾತು. ನಿಧಿಯಿಂದ ಕೊಂಡದ್ದು ಅಧ್ಯಾಪಕರದ್ದಲ್ಲ, ಗ್ರಂಥಾಲಯದ್ದು. ಕೆಲಸ ಬಿಟ್ಟು ಹೋದರೆ ಜೊತೆಗೆ ಒಯ್ಯುವಂತಿಲ್ಲ. ಪ್ರಯಾಣ, ಯಂತ್ರ, ಸಹಾಯಕರ ಸಂಬಳ ಇವಕ್ಕೆ ಬಳಸುವಂತಿಲ್ಲ. ಮೊದಲಿಗೆ ಇದು ಬಿಗಿಯೆನಿಸಿತ್ತು. ಈಗ ಹಾಗೆನಿಸುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಆರು ವರ್ಷದೊಳಗೇ ಬೇರೆಡೆಗೆ ಹೋಗುತ್ತಾರೆ, ಕೆಲವರನ್ನು ಕಳಿಸಲಾಗುತ್ತದೆ. ವ್ಯಕ್ತಿಯ ಕೈಗೆ ಕೊಟ್ಟ ಹಣ ವ್ಯಕ್ತಿಯೊಂದಿಗೆ ಹೋಗುತ್ತದೆ. ಕಪಾಟಿಗೆ ಬಂದದ್ದು ಮುಂದಿನವರಿಗೆ ಉಳಿಯುತ್ತದೆ.

ಚಂದಾ ಬೇಡ, ಕೊಳ್ಳುವುದಾದರೆ ಕೊಳ್ಳೋಣ ಎಂಬ ನಿಧಿಯವರ ಹಟ ಎಷ್ಟು ಸರಿ ಎಂಬುದು ನನಗೆ ಮನದಟ್ಟಾದದ್ದು 2025ರ ಫೆಬ್ರವರಿಯಲ್ಲಿ. ಗ್ರಂಥಾಲಯಗಳಿಗೆ ಡೇಟಾಬೇಸ್‌ಗಳನ್ನೂ ಇ-ಪುಸ್ತಕಗಳನ್ನೂ ಒದಗಿಸುವ ಪ್ರೋಕ್ವೆಸ್ಟ್‌ನ ಒಡೆತನ ಹೊಂದಿರುವ ಕ್ಲಾರಿವೇಟ್ ಸಂಸ್ಥೆ ಇ-ಪುಸ್ತಕಗಳನ್ನೂ ಡಿಜಿಟಲ್ ಸಂಗ್ರಹಗಳನ್ನೂ ಒಂದೇ ಸಲ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ಹಂತ ಹಂತವಾಗಿ ನಿಲ್ಲಿಸಿ ಚಂದಾ ಪದ್ಧತಿಗೆ ಹೋಗುವುದಾಗಿ ಆಗ ಪ್ರಕಟಿಸಿತು. ಗ್ರಂಥಪಾಲಕರಿಂದ ಜೋರಾದ ಪ್ರತಿಭಟನೆ ಬಂದ ಮೇಲೆ ಇ-ಪುಸ್ತಕಗಳ ಗಡುವನ್ನು 2026ರ ಜೂನ್ 30ರವರೆಗೆ ಮುಂದೂಡಿತು. ಅಂದು ನಾನು ಗ್ರಂಥಪಾಲಕಿಯನ್ನು ಭೇಟಿಯಾಗಲು ಹೋದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಒಮ್ಮೆ ಕೊಂಡ ಸಾಮಗ್ರಿ ಬಜೆಟ್ ಕುಸಿದ ವರ್ಷವೂ ಇರುತ್ತದೆ. ಚಂದಾದ ಸಾಮಗ್ರಿ ಕಟ್ಟದ ವರ್ಷ ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಪುಸ್ತಕ ಬರೆಯಲು ಎಂಟು ಹತ್ತು ವರ್ಷ ತೆಗೆದುಕೊಳ್ಳುವ ನಮ್ಮಂಥವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಪ್ರೋಕ್ವೆಸ್ಟ್‌ನ ಮೂಲ 1938ರಲ್ಲಿ ಆ್ಯನ್ ಆರ್ಬರ್‌ನಲ್ಲಿ ಯುಜೀನ್ ಪವರ್ ಸ್ಥಾಪಿಸಿದ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್. ಅವರು ಆ ಕಾಲದಲ್ಲಿ ಮಾರಿದ ಫಿಲ್ಮು ಕೊಂಡವರ ಬಳಿ ಇಂದಿಗೂ ಇದೆ, ಯಾರ ಅಪ್ಪಣೆಯೂ ಇಲ್ಲದೆ ಓದಬಹುದು.

ರೀಲುಗಳು ಬಂದ ದಿನವನ್ನು ಬರೆಯದೆ ಇರಲಾರೆ. ಎರಡು ರಟ್ಟಿನ ಪೆಟ್ಟಿಗೆ. ಒಳಗೆ ಅಂಗೈಯಗಲದ ಚೌಕ ಡಬ್ಬಿಗಳು, ಪ್ರತಿ ಡಬ್ಬಿಯಲ್ಲಿ 35 ಮಿಲಿಮೀಟರ್ ಅಗಲದ, ಸುಮಾರು ಮೂವತ್ತು ಮೀಟರ್ ಉದ್ದದ ಸುರುಳಿ. ನಾನು ಡಬ್ಬಿ ತೆರೆಯಲು ಹೋದಾಗ ಗ್ರಂಥಪಾಲಕಿ "ಮೊದಲು ಮೂಸಿ ನೋಡಿ" ಎಂದರು. ಹಳೆಯ ಅಸಿಟೇಟ್ ಫಿಲ್ಮು ಕೊಳೆಯಲು ಶುರುವಾದರೆ ವಿನೆಗರಿನ ಹುಳಿ ವಾಸನೆ ಬರುತ್ತದೆ, ಅಂಥ ಒಂದು ಸುರುಳಿ ಪಕ್ಕದಲ್ಲಿರುವವನ್ನೂ ಹಾಳು ಮಾಡುತ್ತದೆ ಎಂದು ವಿವರಿಸಿದರು. ನಾವು ಮೂವತ್ತಾರನ್ನೂ ಮೂಸಿದೆವು. ಯಾವುದರಲ್ಲೂ ವಾಸನೆಯಿರಲಿಲ್ಲ, ಎಲ್ಲವೂ ಪಾಲಿಯೆಸ್ಟರ್ ತಳದ ಹೊಸ ಪ್ರತಿಗಳು. ಸರಿಯಾದ ತಂಪು, ಸರಿಯಾದ ಶುಷ್ಕತೆಯಲ್ಲಿ ಇಟ್ಟರೆ ಇಂಥ ಬೆಳ್ಳಿ ಲೇಪದ ಫಿಲ್ಮು ಐನೂರು ವರ್ಷ ಬಾಳುತ್ತದೆ ಎಂಬ ಅಂದಾಜಿದೆ. ನನ್ನ ಲ್ಯಾಪ್‌ಟಾಪು ಐದು ವರ್ಷ ಬಾಳಿದರೆ ಹೆಚ್ಚು.

ಓದುವುದು ಮಾತ್ರ ಕಷ್ಟ. ಯಂತ್ರದ ಮುಂದೆ ಕುಳಿತು ತುದಿಯನ್ನು ಗಾಜಿನ ತಟ್ಟೆಯ ಕೆಳಗೆ ತೂರಿಸಿ, ಖಾಲಿ ರೀಲಿಗೆ ಸಿಕ್ಕಿಸಿ, ಹಿಡಿ ತಿರುಗಿಸಬೇಕು. ಪುಟಗಳು ನದಿಯಂತೆ ಹರಿಯುತ್ತವೆ, ಅರ್ಧ ಗಂಟೆಯಲ್ಲಿ ತಲೆ ತಿರುಗುತ್ತದೆ. ಕನ್ನಡಕದ ಸಂಖ್ಯೆ ಆ ವರ್ಷ ಬದಲಾಯಿತು. ಆದರೂ ಹುಡುಕು ಪೆಟ್ಟಿಗೆಯಲ್ಲಿ ಪದ ಹಾಕಿ ಹುಡುಕುವುದಕ್ಕೂ ಇಡೀ ಸಂಚಿಕೆ ಕಣ್ಣ ಮುಂದೆ ಹಾಯುವುದಕ್ಕೂ ಬಹಳ ವ್ಯತ್ಯಾಸವಿದೆ. ಹುಡುಕಿದರೆ ಕೇಳಿದ್ದು ಮಾತ್ರ ಸಿಗುತ್ತದೆ, ಅದೂ ಯಂತ್ರ ಅಕ್ಷರಗಳನ್ನು ಸರಿಯಾಗಿ ಗುರುತಿಸಿದ್ದರೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಮುದ್ರಣದ ಮೇಲೆ ಕೆಲಸ ಮಾಡುವ ನಮ್ಮ ಸಹೋದ್ಯೋಗಿಯೊಬ್ಬರ ಗೋಳು ಇದೇ. ಆ ಕಾಲದ ಉದ್ದನೆಯ 'ಎಸ್' ಅಕ್ಷರವನ್ನು ಕಂಪ್ಯೂಟರು 'ಎಫ್' ಎಂದು ಓದುತ್ತದೆ, ಹುಡುಕಿದ ಪದ ಪುಟದಲ್ಲಿ ಇದ್ದರೂ ಇಲ್ಲವೆನ್ನುತ್ತದೆ. ಸಾಲು ಸಾಲಾಗಿ ನೋಡುತ್ತಾ ಹೋದಾಗ ಕೇಳದೇ ಇದ್ದದ್ದು ಎದುರಾಗುತ್ತದೆ. ಏಳನೆಯ ರೀಲಿನಲ್ಲಿ ಒಂದು ಟಾನಿಕ್ಕಿನ ಜಾಹೀರಾತು ತಿಂಗಳಿಂದ ತಿಂಗಳಿಗೆ ಒಂದೊಂದು ರೋಗವನ್ನು ಸೇರಿಸಿಕೊಳ್ಳುತ್ತಾ ಹೋಗುವುದನ್ನು ಕಂಡೆ. ಮೊದಲು ತಲೆನೋವು, ಮುಂದಿನ ತಿಂಗಳು ನಿದ್ರಾಹೀನತೆ, ಆಮೇಲೆ ಮನಸ್ಸಿನ ಬೇಸರ, ವರ್ಷದ ಕೊನೆಗೆ ಹನ್ನೊಂದು ರೋಗ. ನನ್ನ ಪುಸ್ತಕದ ಮೂರನೆಯ ಅಧ್ಯಾಯ ಹುಟ್ಟಿದ್ದು ಅಲ್ಲಿ. ಅದನ್ನು ಯಾವ ಪದ ಹಾಕಿ ಹುಡುಕಬಹುದಿತ್ತು?

ಹೊದಿಕೆಗಳ ಚಿತ್ರಗಳು ಬಂದಾಗ ಇನ್ನೊಂದು ಲೋಕವೇ ತೆರೆಯಿತು. ಕಪ್ಪುಬಿಳುಪಿನಲ್ಲಿ ನಾನು ಹೊದಿಕೆಯನ್ನು ಕಲ್ಪಿಸಿಕೊಂಡಿದ್ದೆ. ಅದು ತಿಳಿಹಸಿರು ಬಣ್ಣದ ಕಾಗದ. ಐದನೆಯ ವರ್ಷದಲ್ಲಿ ಅದು ಅಗ್ಗದ ತೆಳು ಹಳದಿಗೆ ಇಳಿಯುತ್ತದೆ, ಅದೇ ತಿಂಗಳು ಚಂದಾದಾರರಿಗೆ ಬಾಕಿ ಕಟ್ಟಿರೆಂಬ ವಿನಂತಿ ಒಳಗೆ ಕಾಣಿಸಿಕೊಳ್ಳುತ್ತದೆ. ಒಂದು ಹೊದಿಕೆಯ ಮೂಲೆಯಲ್ಲಿ ಯಾರೋ ಶಾಯಿಯಲ್ಲಿ ಲೆಕ್ಕ ಹಾಕಿದ್ದಾರೆ, ಕೂಡಿಸುವ ಲೆಕ್ಕ, ಕೊನೆಯ ಮೊತ್ತವನ್ನು ಹೊಡೆದು ತಿದ್ದಿದ್ದಾರೆ. ಪಕ್ಕದಲ್ಲೇ ಅಚ್ಚಾದದ್ದು ಹೊಲಿಗೆ ಯಂತ್ರದ ಬೆಲೆ. ಯಂತ್ರ ಕೊಳ್ಳಲಾದೀತೇ ಎಂದು ಎಣಿಸಿದ ಕೈಯೇ ಅದು ಎಂದು ನಾನು ಸಾಧಿಸಲಾರೆ. ಆದರೆ ಆ ಪುಟದ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ.

ಇನ್ನು ದೋಷಗಳು. ಇವನ್ನು ಮುಚ್ಚಿಡುವುದು ನಿಧಿಗೇ ಒಳ್ಳೆಯದಲ್ಲ.

ದೊಡ್ಡ ದೋಷ ಹಣಕಾಸು ವರ್ಷ. ಮಂಜೂರಾತಿ ಬರುವಷ್ಟರಲ್ಲಿ ವರ್ಷದ ಅರ್ಧ ಕಳೆದಿರುತ್ತದೆ, ಖರ್ಚು ಮಾತ್ರ ವರ್ಷದೊಳಗೇ ಆಗಬೇಕು. ಪುಸ್ತಕ ಕೊಳ್ಳುವವರಿಗೆ ಇದು ತೊಂದರೆಯಲ್ಲ. ಹೊಸದಾಗಿ ಛಾಯಾಚಿತ್ರ ತೆಗೆಸುವವರಿಗೆ ಕುತ್ತಿಗೆಗೆ ಬರುತ್ತದೆ. ಆ ಸಂಚಿಕೆಗಳನ್ನು ಇಟ್ಟುಕೊಂಡಿದ್ದ ಗ್ರಂಥಾಲಯದವರು ಮೊದಲು ಕಾಗದದ ಸ್ಥಿತಿ ಪರೀಕ್ಷಿಸಿದರು, ಮಡಿಕೆ ಬಿದ್ದವನ್ನು ನೇರ ಮಾಡಿದರು, ಹರಿದವನ್ನು ಬೇರೆ ಮಾಡಿದರು. ಅವಸರಿಸಿದರೆ ಹಾಳಾಗುವುದು ನೂರೈವತ್ತು ವರ್ಷ ಹಳೆಯ ಕಾಗದ. ವರ್ಷ ಮುಗಿಯುವ ಹೊತ್ತಿಗೆ 214ರಲ್ಲಿ 90 ಮಾತ್ರ ಆಗಿದ್ದವು. ಉಳಿದ ಹಣ ವಾಪಸಾಗುತ್ತದೆ ಎಂದು ಲೆಕ್ಕಪತ್ರ ವಿಭಾಗದಿಂದ ಪತ್ರ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ. ಗ್ರಂಥಪಾಲಕಿ ಎರಡು ವಾರ ಓಡಾಡಿ, ಪರೀಕ್ಷೆ ಮತ್ತು ಸಿದ್ಧತೆಯ ಕೆಲಸ ಎಲ್ಲ 214ಕ್ಕೂ ಮುಗಿದಿರುವುದರಿಂದ ಆ ಭಾಗದ ಬಿಲ್ಲು ಈ ವರ್ಷಕ್ಕೆ, ಚಿತ್ರ ತೆಗೆಯುವ ಬಾಕಿ ಮುಂದಿನ ವರ್ಷಕ್ಕೆ ಎಂದು ಒಡೆಸಿದರು. ಅವರ ಜಾಗದಲ್ಲಿ ಬೇರೆಯವರು ಇದ್ದಿದ್ದರೆ? ಒಬ್ಬರ ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು. ಎರಡು ವರ್ಷದ ಅವಧಿ ಕೊಡುವ ಒಂದು ಸಾಲು ನಿಯಮದಲ್ಲಿ ಸೇರಲೇಬೇಕು. ನಾನು ನಿಧಿಯ ಸಮಿತಿಗೆ ಬರೆದಿದ್ದೇನೆ.

ಸೂಚಿಯ ಕಥೆ ಸಣ್ಣದು. ಅದು ಹಳೆ ಪುಸ್ತಕದ ವ್ಯಾಪಾರಿಗಳ ಬಳಿ ಮಾತ್ರ ಸಿಗುತ್ತಿತ್ತು. ಖರೀದಿ ವಿಭಾಗ ನೋಂದಾಯಿತ ಸರಬರಾಜುದಾರರಿಂದ ಮಾತ್ರ ಕೊಳ್ಳುತ್ತದೆ. ನಾಲ್ಕು ತಿಂಗಳು ಕಾಗದ ಆಚೀಚೆ ಹೋಯಿತು, ಅಷ್ಟರಲ್ಲಿ ಒಂದು ಪ್ರತಿ ಮಾರಾಟವಾಗಿಹೋಯಿತು. ಎರಡನೆಯದು ಸಿಕ್ಕಿದ್ದು ನಮ್ಮ ಅದೃಷ್ಟ. ಅಚ್ಚಿನಲ್ಲಿ ಇಲ್ಲದ ಪುಸ್ತಕ ಕೇಳುವವರು ಮೊದಲ ದಿನವೇ ಈ ವಿಷಯ ಎತ್ತಿ.

ರೀಲುಗಳು ಕ್ಯಾಟಲಾಗಿಗೆ ಸೇರಲು ಐದು ತಿಂಗಳು ಹಿಡಿಯಿತು. ಸೇರಿದಾಗಲೂ ಮೂವತ್ತಾರು ರೀಲಿಗೆ ಒಂದೇ ದಾಖಲೆ, ಯಾವ ರೀಲಿನಲ್ಲಿ ಯಾವ ವರ್ಷ ಎಂಬ ವಿವರವಿಲ್ಲ. ಕ್ಯಾಟಲಾಗಿನಲ್ಲಿ ಕಾಣದ ಸಾಮಗ್ರಿ ಇದ್ದೂ ಇಲ್ಲದಂತೆ. ನಾನೇ ಒಂದು ವಾರಾಂತ್ಯ ಕುಳಿತು ರೀಲುವಾರು ಪಟ್ಟಿ ಮಾಡಿಕೊಟ್ಟೆ, ಅದನ್ನು ಸೇರಿಸಿದ್ದಾರೆ. ಕೊಳ್ಳಲು ಹಣ ಇಟ್ಟವರು ವಿವರಿಸಲೂ ಸ್ವಲ್ಪ ಇಡಬೇಕಿತ್ತು.

ಪ್ರಕಟಣೆಯ ಅನುಮತಿಗೆ ನಿಧಿಯಿಂದ ಏನೂ ಸಿಗುವುದಿಲ್ಲ. ಹಕ್ಕುಸ್ವಾಮ್ಯ ಮುಗಿದುಹೋದ ಹಳೆಯ ಹೊದಿಕೆಯಾದರೂ ಅದರ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಲು ಮೂಲ ಇಟ್ಟುಕೊಂಡ ಸಂಸ್ಥೆಗಳು ಶುಲ್ಕ ಕೇಳುವುದುಂಟು. ನಾನು ಇಪ್ಪತ್ತು ಚಿತ್ರ ಹಾಕಬೇಕೆಂದಿದ್ದೆ, ಸಂಬಳದಿಂದ ಆರಕ್ಕೆ ಕಟ್ಟಿದೆ. ನನ್ನ ವಾದವೇ ಚಿತ್ರಗಳ ಮೇಲೆ ನಿಂತಿರುವಾಗ ಹದಿನಾಲ್ಕನ್ನು ಮಾತಿನಲ್ಲಿ ವರ್ಣಿಸಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ಛಾಯಾಚಿತ್ರಕ್ಕೆ ಒಪ್ಪಂದ ಮಾಡುವಾಗಲೇ ಪ್ರಕಟಣೆಯ ಹಕ್ಕನ್ನೂ ಕೇಳಿದ್ದರೆ ಕಡಿಮೆಯಲ್ಲಿ ಆಗುತ್ತಿತ್ತೆಂದು ಆಮೇಲೆ ತಿಳಿಯಿತು. ಹದಿನೆಂಟನೆಯ ಶತಮಾನದ ಆ ಸಹೋದ್ಯೋಗಿ ಈ ವಿಷಯದಲ್ಲಿ ಜಾಣರು. ತಮಗೆ ಬೇಕಾದ ಸಂಗ್ರಹವನ್ನು ಕೊಳ್ಳುವಾಗ, ಪಠ್ಯವನ್ನು ಕಡತಗಳ ರೂಪದಲ್ಲಿ ಪಡೆದು ಕಂಪ್ಯೂಟರಿನಿಂದ ವಿಶ್ಲೇಷಿಸುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಂಡರು. ಕೇಳದಿದ್ದರೆ ಅದು ಬರುವುದಿಲ್ಲ. ಹಳೆಯ ಇಂಗ್ಲಿಷ್ ಮುದ್ರಣಗಳ ಸುಮಾರು 25,000 ಪಠ್ಯಗಳು, ಕೈಯಿಂದ ಬೆರಳಚ್ಚು ಮಾಡಿದವು, 2015ರ ಜನವರಿ 1ರಂದು ಎಲ್ಲರಿಗೂ ಮುಕ್ತವಾದವು. ಅವನ್ನು ಒಮ್ಮೆ ನೋಡಿದವರಿಗೆ, ಚಿತ್ರವಾಗಿ ಮಾತ್ರ ಸಿಗುವ ಪುಟಕ್ಕೂ ಪಠ್ಯವಾಗಿ ಸಿಗುವ ಪುಟಕ್ಕೂ ಇರುವ ಅಂತರ ತಿಳಿಯುತ್ತದೆ. ಇನ್ನೊಬ್ಬ ಸಹೋದ್ಯೋಗಿಗೆ ಒಂದು ಇ-ಪುಸ್ತಕ ಮಂಜೂರಾಯಿತು, ಒಮ್ಮೆಗೆ ಒಬ್ಬರೇ ಓದಬಹುದಾದ ಪರವಾನಗಿಯಲ್ಲಿ. ಅವರ ತರಗತಿಯಲ್ಲಿ ಮೂವತ್ತು ಜನ.

ಕೊನೆಯ ಪ್ರಶ್ನೆಯ ಬಗ್ಗೆ ನನ್ನ ಮನಸ್ಸು ಪೂರ್ತಿ ಬದಲಾಗಿಲ್ಲ. ಬೇರೆ ಯಾರಿಗೆ ಉಪಯೋಗ ಎಂದು ಕೇಳುವುದರಲ್ಲಿ ಹುರುಳಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೊಂಡ ಪುಸ್ತಕಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಮೊದಲ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ಊಹೆಯ ಮೇಲೆ ಕೊಳ್ಳುವುದಕ್ಕಿಂತ, ಬೇಕೆಂದು ಎದುರು ನಿಂತು ಕೇಳುವವರಿಗೆ ಕೊಳ್ಳುವುದು ಮೇಲು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ, ಈ ನಿಧಿಯ ಬುಡದಲ್ಲಿರುವ ವಾದವೂ ಅದೇ. ಆದರೆ ಸಮಿತಿ ಈಗ ಪ್ರತಿ ವರ್ಷದ ಬಳಕೆಯ ಸಂಖ್ಯೆ ಕೇಳಲು ಹೊರಟಿದೆ ಎಂಬ ಸುದ್ದಿ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಒಂದು. ಎಷ್ಟು ವರ್ಷದೊಳಗೆ ಎಂದು ಅದರಲ್ಲಿ ಹೇಳಿಲ್ಲ. ನಾನು ತೆಗೆಸಿದ ಹೊದಿಕೆಗಳು ನೂರೈವತ್ತು ವರ್ಷ ಪೆಟ್ಟಿಗೆಯಲ್ಲಿ ಕಾದಿದ್ದವು. ಬಳಕೆಯ ಲೆಕ್ಕ ನೋಡಿ ಯಾರಾದರೂ ಅವನ್ನು ಎಸೆದಿದ್ದರೆ ನಾನು ಇಲ್ಲಿ ಏನನ್ನೂ ಬರೆಯುತ್ತಿರಲಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಹಣಕಾಸು ವರ್ಷಕ್ಕೆ. ಅರ್ಜಿ ಹಾಕುವವರಿಗೆ ನನ್ನ ಮಾತು ಒಂದೇ: ನಮೂನೆ ತುಂಬುವ ಮೊದಲು ಗ್ರಂಥಪಾಲಕರ ಬಳಿ ಹೋಗಿ, ವಸ್ತುವಿನ ಹೆಸರು ಹೇಳದೆ ಪ್ರಶ್ನೆಯನ್ನು ಹೇಳಿ. ಗಡುವಿಗೆ ಎರಡು ತಿಂಗಳಾದರೂ ಮೊದಲು ಹೋಗಿ, ಏಕೆಂದರೆ ಹೊರಗಿನಿಂದ ದರಪಟ್ಟಿ ತರಿಸಲು ಸಮಯ ಹಿಡಿಯುತ್ತದೆ. ತಿರಸ್ಕಾರದ ಪತ್ರದ ಕೊನೆಯ ಸಾಲನ್ನೂ ಓದಿ.

ಕಳೆದ ವಾರ ಹನ್ನೆರಡನೆಯ ರೀಲು ಬೇಕಾಗಿ ಮೈಕ್ರೋಫಿಲ್ಮ್ ಕೋಣೆಗೆ ಹೋಗಿದ್ದೆ. ಡಬ್ಬಿಯ ಜಾಗ ಖಾಲಿಯಿತ್ತು. ಯಾರೋ ತಪ್ಪು ಕಡೆ ಇಟ್ಟಿರಬೇಕೆಂದು ಹುಡುಕುತ್ತಿದ್ದಾಗ ಮೂಲೆಯ ಯಂತ್ರದ ಮುಂದೆ ಒಬ್ಬ ವಿದ್ಯಾರ್ಥಿನಿ ಕಂಡಳು. ವಿನ್ಯಾಸ ವಿಭಾಗದವಳಂತೆ, ನನ್ನ ಪರಿಚಯ ಅವಳಿಗಿರಲಿಲ್ಲ. ಪರದೆಯ ಮೇಲೆ ಆ ಟಾನಿಕ್ಕಿನ ಜಾಹೀರಾತೇ ಇತ್ತು. ಅವಳು ನೋಡುತ್ತಿದ್ದದ್ದು ರೋಗಗಳ ಪಟ್ಟಿಯನ್ನಲ್ಲ, ಅದರ ಸುತ್ತಲಿನ ಬಳ್ಳಿಯ ಚೌಕಟ್ಟನ್ನು. ಕಾಗದದ ಮೇಲೆ ಪೆನ್ಸಿಲಿನಲ್ಲಿ ನಿಧಾನವಾಗಿ ಅದನ್ನು ಬಿಡಿಸುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಅವಳು ಮುಗಿಸುವವರೆಗೆ ಕಾದೆ.